ಅರವತ್ತು ದಾಟಿದ ಮೇಲೆ ಕಾಲಿನ ಬಲ ಕಾಪಾಡಿಕೊಳ್ಳುವ ಬಗೆ: ದಿನನಿತ್ಯದ ಅಭ್ಯಾಸಗಳ ಸಮಗ್ರ ಮಾರ್ಗದರ್ಶಿ

ಮೈಸೂರಿನ ಕುಕ್ಕರಹಳ್ಳಿ ಕೆರೆ ಏರಿಯ ಮೇಲೆ, ಲಿಂಗಾಂಬುಧಿ ಕೆರೆಯ ಸುತ್ತ, ಮಂಡ್ಯದ ವಿಶ್ವೇಶ್ವರಯ್ಯ ಕ್ರೀಡಾಂಗಣದಲ್ಲಿ ಬೆಳಿಗ್ಗೆ ನಡೆಯುವ ಹಿರಿಯರಿಗೆ ಕೊರತೆಯಿಲ್ಲ. ನಡಿಗೆ ಹೃದಯಕ್ಕೆ ಒಳ್ಳೆಯದು, ಸಕ್ಕರೆ ಕಾಯಿಲೆಗೆ ಒಳ್ಳೆಯದು, ಮನಸ್ಸಿಗಂತೂ ಬಹಳ ಒಳ್ಳೆಯದು. ಆದರೂ ವರ್ಷಗಟ್ಟಲೆ ತಪ್ಪದೆ ನಡೆದವರೇ ಸೋಫಾದಿಂದ ಏಳುವಾಗ ಎರಡೂ ಕೈ ಊರುತ್ತಾರೆ, ಬಸ್ಸಿನ ಮೊದಲ ಮೆಟ್ಟಿಲು ಹತ್ತುವಾಗ ಕಂಬಿ ಹಿಡಿದು ಮೈಯನ್ನು ಎಳೆದುಕೊಳ್ಳುತ್ತಾರೆ. ಸಮತಟ್ಟಾದ ದಾರಿಯಲ್ಲಿ ನಡೆಯುವಾಗ ತೊಡೆ ಮತ್ತು ಪೃಷ್ಠದ ದೊಡ್ಡ ಸ್ನಾಯುಗಳು ತಮ್ಮ ಶಕ್ತಿಯ ಸ್ವಲ್ಪ ಪಾಲನ್ನಷ್ಟೇ ಬಳಸುತ್ತವೆ. ಉಳಿದ ಪಾಲಿಗೆ ಕೆಲಸವಿಲ್ಲದೆ ಅದು ವರ್ಷ ವರ್ಷಕ್ಕೆ ಕರಗುತ್ತದೆ. ಅರವತ್ತರ ನಂತರ ಈ ಇಳಿತ ಇನ್ನೂ ಬೇಗ.

ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಹೊರಡಿಸಿದ ಸಲಹೆಯಲ್ಲಿ 65 ದಾಟಿದವರಿಗೆ ಮೂರು ಮಾತುಗಳಿವೆ: ವಾರಕ್ಕೆ 150ರಿಂದ 300 ನಿಮಿಷ ಸಾಧಾರಣ ವೇಗದ ಶ್ರಮ, ಕನಿಷ್ಠ ಎರಡು ದಿನ ಸ್ನಾಯುಗಳಿಗೆ ಬಲ ಕೊಡುವ ವ್ಯಾಯಾಮ, ಕನಿಷ್ಠ ಮೂರು ದಿನ ಸಮತೋಲನದ ಅಭ್ಯಾಸ. ನಮ್ಮಲ್ಲಿ ಬಹುತೇಕರು ಮೊದಲನೆಯದನ್ನು ಮಾಡಿ, ಮಿಕ್ಕೆರಡನ್ನು ಬಿಟ್ಟಿರುತ್ತಾರೆ. ಹಾಗಾಗಿ ಇಲ್ಲಿ ಹೆಚ್ಚು ಜಾಗ ಆ ಎರಡಕ್ಕೆ ಮತ್ತು ಅವುಗಳಿಗೆ ಬೇಕಾದ ಊಟಕ್ಕೆ.

ಮೊದಲು ಅಳೆದುಕೊಳ್ಳಿ

ಎಲ್ಲಿದ್ದೀರಿ ಎಂದು ತಿಳಿಯದೆ ಶುರು ಮಾಡಬೇಡಿ. ಬೇಕಾಗುವುದು ಗಟ್ಟಿಯಾದ ಒಂದು ಕುರ್ಚಿ, ಗಡಿಯಾರ, ಪಕ್ಕದಲ್ಲಿ ನಿಲ್ಲಲು ಮನೆಯವರೊಬ್ಬರು.

ಕುರ್ಚಿಯ ಸೀಟು ನೆಲದಿಂದ ಸುಮಾರು 17 ಇಂಚು ಎತ್ತರ ಇರಲಿ. ಹಿಂಭಾಗ ಗೋಡೆಗೆ ತಾಗಿರಲೇಬೇಕು. ರೆಡ್ ಆಕ್ಸೈಡ್ ನೆಲ, ಟೈಲ್ಸ್ ಮೇಲೆ ಪ್ಲಾಸ್ಟಿಕ್ ಕುರ್ಚಿ ಸರ್ರೆಂದು ಹಿಂದೆ ಜಾರುತ್ತದೆ. ಎರಡೂ ಕೈಗಳನ್ನು ಎದೆಯ ಮೇಲೆ ಅಡ್ಡ ಕಟ್ಟಿ, 30 ಸೆಕೆಂಡಿನಲ್ಲಿ ಎಷ್ಟು ಸಲ ಪೂರ್ತಿ ಎದ್ದು ಕೂರಬಲ್ಲಿರಿ ಎಂದು ಎಣಿಸಿ. ಅಮೆರಿಕದ ರೋಗ ನಿಯಂತ್ರಣ ಕೇಂದ್ರ ಬಳಸುವ ಪಟ್ಟಿಯ ಪ್ರಕಾರ 60ರಿಂದ 64ರ ಗಂಡಸರು 14ಕ್ಕಿಂತ, ಹೆಂಗಸರು 12ಕ್ಕಿಂತ ಕಡಿಮೆ ಎದ್ದರೆ ಕಾಲಿನ ಬಲ ಕುಂದಿದೆ ಎಂದು ಲೆಕ್ಕ. 65ರಿಂದ 69ಕ್ಕೆ ಈ ಸಂಖ್ಯೆ 12 ಮತ್ತು 11. 70ರಿಂದ 74ಕ್ಕೆ 12 ಮತ್ತು 10. 75ರಿಂದ 79ಕ್ಕೆ 11 ಮತ್ತು 10. ಕೈ ಊರದೆ ಏಳಲಾಗದಿದ್ದರೆ ಅಂಕ ಸೊನ್ನೆ. ಸೊನ್ನೆ ಬಂತೆಂದು ಬೇಸರ ಬೇಡ. ಬೇಗ ಸುಧಾರಣೆ ಕಾಣುವುದು ಅಂಥವರಲ್ಲೇ.

ಎರಡನೆಯದು ಸಮತೋಲನ. ಅಡುಗೆಮನೆ ಕಟ್ಟೆಯ ಪಕ್ಕದಲ್ಲಿ, ಒಂದು ಪಾದದ ಹಿಮ್ಮಡಿ ಇನ್ನೊಂದು ಪಾದದ ಬೆರಳಿಗೆ ತಾಗುವಂತೆ ಒಂದೇ ಗೆರೆಯಲ್ಲಿ ನಿಲ್ಲಿ. ಏನನ್ನೂ ಹಿಡಿಯದೆ 10 ಸೆಕೆಂಡು ನಿಲ್ಲಲಾಗದಿದ್ದರೆ ಬೀಳುವ ಅಪಾಯ ಹೆಚ್ಚಿದೆ.

ಎರಡನ್ನೂ ಕ್ಯಾಲೆಂಡರಿನಲ್ಲಿ ಬರೆದಿಟ್ಟು ಆರು ವಾರಕ್ಕೊಮ್ಮೆ ಮತ್ತೆ ಅಳೆಯಿರಿ. ತೂಕದ ಯಂತ್ರ ಹೇಳದ ಸಂಗತಿಯನ್ನು ಈ ಎರಡು ಸಂಖ್ಯೆಗಳು ಹೇಳುತ್ತವೆ.

ಇತ್ತೀಚೆಗೆ ಹೃದಯಾಘಾತ ಆದವರು, ಸ್ಟೆಂಟ್ ಹಾಕಿಸಿಕೊಂಡವರು, ನಡೆದರೆ ಎದೆ ಹಿಡಿದಂತಾಗುವವರು, ಸೊಂಟ ಇಲ್ಲವೇ ಮಂಡಿ ಆಪರೇಷನ್ ಆದವರು, ಬಿಪಿ 180/110ರ ಆಸುಪಾಸಿನಲ್ಲಿರುವವರು ಈ ಪರೀಕ್ಷೆಗೂ ಮೊದಲು ತಮ್ಮ ಡಾಕ್ಟರನ್ನು ಕೇಳಬೇಕು.

ವಾರಕ್ಕೆ ಮೂರು ದಿನ, ಇಪ್ಪತ್ತು ನಿಮಿಷ

ಸೋಮವಾರ, ಬುಧವಾರ, ಶುಕ್ರವಾರ ಎಂದಿಟ್ಟುಕೊಳ್ಳಿ. ನಡುವೆ ಒಂದು ದಿನ ಬಿಡುವು ಬೇಕು. ದಣಿದ ಸ್ನಾಯು ಕಟ್ಟಿಕೊಳ್ಳುವುದು ಬಿಡುವಿನಲ್ಲಿ.

1. ಎದ್ದು ಕೂರುವುದು. ಎಲ್ಲಕ್ಕಿಂತ ಮುಖ್ಯವಾದದ್ದು ಇದೇ. ಕುರ್ಚಿಯ ಮುಂಭಾಗಕ್ಕೆ ಸರಿದು ಕುಳಿತು, ಪಾದಗಳನ್ನು ಸೊಂಟದಗಲ ಬಿಡಿಸಿ, ಹಿಮ್ಮಡಿಯನ್ನು ಮಂಡಿಗಿಂತ ಸ್ವಲ್ಪ ಹಿಂದಕ್ಕೆ ಎಳೆದುಕೊಳ್ಳಿ. ಮೂಗು ಕಾಲ್ಬೆರಳಿನ ನೇರಕ್ಕೆ ಬರುವಷ್ಟು ಮುಂದೆ ಬಾಗಿ, ಉಸಿರು ಬಿಡುತ್ತಾ ಏಳಿ. ಕೂರುವಾಗ ಮನಸ್ಸಿನಲ್ಲಿ ಒಂದು, ಎರಡು, ಮೂರು ಎಂದು ಎಣಿಸುತ್ತಾ ನಿಧಾನವಾಗಿ ಇಳಿಯಿರಿ. 8 ಸಲ ಮಾಡಿ, ಒಂದೆರಡು ನಿಮಿಷ ಸುಧಾರಿಸಿಕೊಂಡು ಮತ್ತೆ 8 ಸಲ.

ಇಲ್ಲಿ ಆಗುವ ತಪ್ಪು ಮೂರು. ಧೊಪ್ಪೆಂದು ಕೂರುವುದು: ನಿಧಾನವಾಗಿ ಇಳಿಯುವಾಗಲೂ ತೊಡೆಗೆ ಕೆಲಸವಿದೆ, ಅದನ್ನು ಬಿಟ್ಟರೆ ಆ ಲಾಭ ಹೋಯಿತು; ಮೂಳೆ ಸವೆದವರಿಗೆ ಆ ಪೆಟ್ಟು ಬೆನ್ನಿಗೆ ಏರುತ್ತದೆ. ಮಂಡಿಗಳು ಒಳಕ್ಕೆ ವಾಲುವುದು: ಮಂಡಿಚಿಪ್ಪಿನ ನೋವು ಶುರುವಾಗುವುದು ಹೀಗೆ, ಮಂಡಿಯನ್ನು ಕಾಲಿನ ಎರಡನೇ ಬೆರಳಿನ ನೇರಕ್ಕೆ ಇಟ್ಟುಕೊಳ್ಳಿ. ಉಸಿರು ಕಟ್ಟುವುದು: ಬಿಪಿ ತಟ್ಟನೆ ಏರುತ್ತದೆ. ಗಟ್ಟಿಯಾಗಿ ಎಣಿಸುತ್ತಾ ಮಾಡಿದರೆ ಉಸಿರು ಕಟ್ಟಲು ಆಗುವುದೇ ಇಲ್ಲ.

ಕೈ ಊರದೆ ಏಳಲಾಗದವರು ಸೀಟಿನ ಮೇಲೆ ಒಂದೆರಡು ಗಟ್ಟಿ ದಿಂಬು ಹಾಕಿ ಎತ್ತರಿಸಿಕೊಳ್ಳಿ. ವಾರ ಕಳೆದಂತೆ ಒಂದೊಂದೇ ತೆಗೆಯಿರಿ. ಸಲೀಸಾಗಿ 12 ಸಲದಂತೆ ಮೂರು ಸುತ್ತು ಬರತೊಡಗಿದರೆ ಎರಡು ಲೀಟರಿನ ನೀರಿನ ಬಾಟಲಿಯನ್ನು ಎದೆಗೆ ಅವುಚಿಕೊಂಡು ಮಾಡಿ. ಆ ಮೇಲೆ ಐದು ಕೆ.ಜಿ. ಅಕ್ಕಿ ಚೀಲ. ಭಾರ ಏರಿಸದೆ ಸಂಖ್ಯೆಯನ್ನಷ್ಟೇ ಏರಿಸುತ್ತಾ ಹೋದರೆ ಬಲ ಒಂದು ಹಂತದಲ್ಲಿ ನಿಂತುಬಿಡುತ್ತದೆ. ಕೊನೆಯ ಎರಡು ಸಲ ಕಷ್ಟವೆನಿಸಬೇಕು. ಅದೇ ಸರಿಯಾದ ಅಳತೆ.

2. ಹಿಮ್ಮಡಿ ಎತ್ತುವುದು. ಅಡುಗೆ ಕಟ್ಟೆಗೆ ಬೆರಳು ತಾಗಿಸಿ ನಿಂತು, ಎರಡೂ ಹಿಮ್ಮಡಿ ಎತ್ತಿ ಎರಡು ಸೆಕೆಂಡು ನಿಂತು ಇಳಿಸಿ. 10ರಿಂದ 15 ಸಲ. ಎಡವಿದಾಗ ಮೈಯನ್ನು ಹಿಡಿದು ನಿಲ್ಲಿಸುವಲ್ಲಿ ಮೀನಖಂಡದ ಪಾತ್ರ ದೊಡ್ಡದು.

3. ಗೋಡೆ ತಳ್ಳುವುದು. ಗೋಡೆಯಿಂದ ಒಂದು ತೋಳಿನಷ್ಟು ದೂರ ನಿಂತು, ಅಂಗೈಗಳನ್ನು ಎದೆಯ ಎತ್ತರಕ್ಕೆ ಊರಿ, ಮೊಣಕೈ ಮಡಚಿ ಮುಂದೆ ಬಾಗಿ, ಮತ್ತೆ ತಳ್ಳಿ. 10 ಸಲ.

4. ಮೆಟ್ಟಿಲು ಹತ್ತಿ ಇಳಿಯುವುದು. ಜಗಲಿಯ ಮೊದಲ ಮೆಟ್ಟಿಲು ಸಾಕು, ಸುಮಾರು ಆರು ಇಂಚು. ಕಂಬಿ ಇಲ್ಲವೇ ಗೋಡೆ ಹಿಡಿದು ಒಂದೊಂದು ಕಾಲಿಗೆ 8 ಸಲ. ಪಾದ ಪೂರ್ತಿ ಮೆಟ್ಟಿಲ ಮೇಲೆ ಇರಲಿ.

5. ನೆಲದಿಂದ ಏಳುವುದು. ಊಟದ ಟೇಬಲ್ ಬಂದ ಮೇಲೆ ನಮ್ಮ ಮನೆಗಳಲ್ಲಿ ಸದ್ದಿಲ್ಲದೆ ಕಳೆದುಹೋದ ಶಕ್ತಿ ಇದು. ಬಿದ್ದವರು ಪೆಟ್ಟಾಗದಿದ್ದರೂ ಏಳಲಾಗದೆ ಗಂಟೆಗಟ್ಟಲೆ ನೆಲದಲ್ಲೇ ಉಳಿಯುವುದುಂಟು, ಅದರಿಂದಾಗುವ ತೊಂದರೆ ಬೀಳುವುದಕ್ಕಿಂತ ಕಡಿಮೆಯದೇನಲ್ಲ. ಚಾಪೆಯ ಮೇಲೆ ಮಲಗಿ ಒಂದು ಮಗ್ಗುಲಿಗೆ ಹೊರಳಿ. ಮೊಣಕೈ, ಆಮೇಲೆ ಅಂಗೈ ಊರಿ ಮಂಡಿಯ ಮೇಲೆ ಬನ್ನಿ. ಹತ್ತಿರದ ಮಂಚ ಅಥವಾ ಕುರ್ಚಿಯ ಸೀಟು ಹಿಡಿದು, ಬಲವಿರುವ ಕಾಲನ್ನು ಮುಂದಿಟ್ಟು, ಆ ತೊಡೆಯ ಮೇಲೆ ಭಾರ ಹಾಕಿ ಏಳಿ. ವಾರಕ್ಕೆರಡು ಸಲ, ಮೊದಲಲ್ಲಿ ಯಾರಾದರೂ ಪಕ್ಕದಲ್ಲಿರಲಿ. ಮಂಡಿ ಊರಲು ನೋವಾದರೆ ದಪ್ಪ ಟವಲ್ ಮಡಚಿ ಹಾಕಿ. ಮಂಡಿ ಬದಲಿಸಿಕೊಂಡವರು ಫಿಸಿಯೊಥೆರಪಿಸ್ಟ್ ಹೇಳದೆ ಇದನ್ನು ಮಾಡಬಾರದು.

ಸಮತೋಲನಕ್ಕೆ ಬೇರೆ ಹೊತ್ತು ಬೇಡ. ಫಿಲ್ಟರಿನಲ್ಲಿ ಡಿಕಾಕ್ಷನ್ ಇಳಿಯುವವರೆಗೆ, ಹಾಲು ಉಕ್ಕುವವರೆಗೆ ಕಟ್ಟೆಯ ಪಕ್ಕ ಒಂದೇ ಗೆರೆಯಲ್ಲಿ ಪಾದವಿಟ್ಟು ನಿಲ್ಲಿ. 30 ಸೆಕೆಂಡು ಅಲುಗದೆ ನಿಂತ ಮೇಲೆ ಒಂಟಿ ಕಾಲಿಗೆ ಹೋಗಿ.

ಸ್ನಾಯು ಎರಡು ದಿನ ಜಗ್ಗಿದಂತೆ ನೋಯುವುದು ಸಹಜ. ಕೀಲು ಊದಿಕೊಂಡರೆ, ನೋವು ಚುಚ್ಚಿದಂತಿದ್ದರೆ, ಮರುದಿನಕ್ಕೆ ಏರಿದರೆ ಆ ವ್ಯಾಯಾಮವನ್ನು ನಿಲ್ಲಿಸಿ ತೋರಿಸಿಕೊಳ್ಳಿ.

ನಡಿಗೆ ಮತ್ತು ಚಾಮುಂಡಿ ಬೆಟ್ಟ

ನಡಿಗೆಯ ವೇಗ ಗೊತ್ತಾಗಲು ಯಂತ್ರ ಬೇಡ. ಮಾತಾಡಲು ಆಗಬೇಕು, ಹಾಡಲು ಆಗಬಾರದು. ದಿನಕ್ಕೆ 30 ನಿಮಿಷ, ಹತ್ತು ಹತ್ತು ನಿಮಿಷವಾಗಿ ಒಡೆದರೂ ನಡೆಯುತ್ತದೆ. ಸಕ್ಕರೆ ಕಾಯಿಲೆ ಇರುವವರಿಗೆ ಊಟವಾದ ಮೇಲಿನ ಹದಿನೈದು ನಿಮಿಷದ ನಡಿಗೆ ವಿಶೇಷ ಉಪಕಾರಿ. ಊಟದ ನಂತರ ಏರುವ ಸಕ್ಕರೆಯನ್ನು ಕೆಲಸ ಮಾಡುತ್ತಿರುವ ಸ್ನಾಯು ಎಳೆದುಕೊಳ್ಳುತ್ತದೆ.

ಇನ್ಸುಲಿನ್ ಅಥವಾ ಸಕ್ಕರೆ ತಗ್ಗಿಸುವ ಕೆಲವು ಮಾತ್ರೆ ತೆಗೆದುಕೊಂಡು ಖಾಲಿ ಹೊಟ್ಟೆಯಲ್ಲಿ ನಡೆಯಬೇಡಿ. ಜೇಬಿನಲ್ಲಿ ನಾಲ್ಕು ಚಮಚ ಸಕ್ಕರೆಯ ಪೊಟ್ಟಣ ಇರಲಿ. ಧನುರ್ಮಾಸದ ಚಳಿಯಲ್ಲಿ ಬಿಪಿ ಸಾಮಾನ್ಯವಾಗಿ ಸ್ವಲ್ಪ ಮೇಲಿರುತ್ತದೆ, ಐದು ಗಂಟೆಯ ಕತ್ತಲಲ್ಲಿ ಗುಂಡಿ, ನಾಯಿ ಕಾಣುವುದೂ ಇಲ್ಲ. ಸೂರ್ಯ ಹುಟ್ಟಿದ ಮೇಲೆ ಹೊರಡಿ. ನಾಲೆ ಏರಿಯ ಮೇಲೆ ನಡೆಯುವ ಮಂಡ್ಯ ಕಡೆಯವರಿಗೆ ಇದು ಇನ್ನೂ ಮುಖ್ಯ. ಹವಾಯಿ ಚಪ್ಪಲಿ ಬೇಡ: ಅದು ಜಾರದಂತೆ ಬೆರಳು ಬಿಗಿಹಿಡಿದೇ ನಡೆಯಬೇಕಾಗುತ್ತದೆ, ಹೆಜ್ಜೆ ಚಿಕ್ಕದಾಗುತ್ತದೆ. ಹಿಮ್ಮಡಿ ಹಿಡಿಯುವ ಪಟ್ಟಿ ಇರುವ ಚಪ್ಪಲಿ ಅಥವಾ ಬೂಟು ಹಾಕಿ.

ಚಾಮುಂಡಿ ಬೆಟ್ಟದ ಸಾವಿರ ಮೆಟ್ಟಿಲು ಹದಿನೇಳನೇ ಶತಮಾನದಲ್ಲಿ ದೊಡ್ಡ ದೇವರಾಜ ಒಡೆಯರ ಕಾಲದಲ್ಲಿ ಆದದ್ದು. ಮೈಸೂರಿನವರಿಗೆ ಅದಕ್ಕಿಂತ ಒಳ್ಳೆಯ ವ್ಯಾಯಾಮದ ಜಾಗ ಬೇರೆ ಹುಡುಕಬೇಕಿಲ್ಲ, ಆದರೆ ಒಂದೇ ದಿನಕ್ಕೆ ಅಲ್ಲ. ಮನೆಯಲ್ಲಿ ಎರಡು ಮಹಡಿ ನಿಲ್ಲದೆ ಹತ್ತಲು ಬಂದ ಮೇಲೆ ಹೋಗಿ. ಮೊದಲ ವಾರ ನೂರು ಮೆಟ್ಟಿಲು ಹತ್ತಿ ಇಳಿಯಿರಿ, ವಾರಕ್ಕೆ ನೂರರಂತೆ ಏರಿಸಿ. ಮಂಡಿಗೆ ಹೆಚ್ಚು ಭಾರ ಬೀಳುವುದು ಇಳಿಯುವಾಗ. ಹತ್ತುವಾಗ ಚೆನ್ನಾಗಿದ್ದು ಮರುದಿನ ಮಂಡಿ ಹಿಡಿದುಕೊಂಡು ಕೂರುವುದು ಇದರಿಂದಲೇ. ಮಂಡಿ ಸವೆದಿದ್ದರೆ ಪೂರ್ತಿ ಹತ್ತುವ ಹಂತ ಬರುವವರೆಗೆ ಮೆಟ್ಟಿಲ ತಂಟೆಗೆ ಹೋಗದೆ ಕುರ್ಚಿಯ ವ್ಯಾಯಾಮ ಮಾಡಿ. ಆಮೇಲೂ ಮೆಟ್ಟಿಲಲ್ಲಿ ಹತ್ತಿ, ಸಿಟಿ ಬಸ್ಸಿನಲ್ಲಿ ಇಳಿಯಿರಿ. ಹತ್ತುವಾಗ ಎದೆ ಬಿಗಿದರೆ, ದವಡೆ ಅಥವಾ ಎಡತೋಳಿಗೆ ನೋವು ಹರಿದರೆ, ತಣ್ಣನೆ ಬೆವರಿದರೆ ಅಲ್ಲೇ ಕುಳಿತು 108ಕ್ಕೆ ಫೋನ್ ಮಾಡಿ. ಸಕ್ಕರೆ ಕಾಯಿಲೆ ಹಳೆಯದಾದವರಿಗೆ ಎದೆನೋವೇ ಇಲ್ಲದೆ ಬರೀ ಏದುಸಿರಿನಲ್ಲಿ ಹೃದಯಾಘಾತ ಕಾಣಿಸಿಕೊಳ್ಳಬಹುದು. ಅದನ್ನು ಗ್ಯಾಸ್ ಎಂದು ತಳ್ಳಿಹಾಕಬೇಡಿ.

ಪಾದದ ಸ್ಪರ್ಶ ಮಂಕಾದವರು ಮಧ್ಯಾಹ್ನದ ಬಿಸಿಲಿನಲ್ಲಿ ದೇವಸ್ಥಾನದ ಕಲ್ಲುಹಾಸಿನ ಮೇಲೆ ಬರಿಗಾಲಲ್ಲಿ ಪ್ರದಕ್ಷಿಣೆ ಬಂದು ಬೊಬ್ಬೆ ಎದ್ದದ್ದು ತಿಳಿಯದೆ ಇರುವುದುಂಟು. ಅಂಥವರು ಬೆಳಿಗ್ಗೆ ಬೇಗ ಹೋಗಲಿ, ಹತ್ತಿಯ ಸಾಕ್ಸ್ ಹಾಕಲಿ, ಪ್ರತಿ ರಾತ್ರಿ ಅಂಗಾಲು ಮತ್ತು ಬೆರಳ ಸಂದಿಯನ್ನು ಕನ್ನಡಿ ಹಿಡಿದು ನೋಡಲಿ.

ಯೋಗದ ಬಗ್ಗೆ ಒಂದು ಎಚ್ಚರ. ನಾಲ್ವಡಿಯವರ ಆಶ್ರಯದಲ್ಲಿ ಟಿ. ಕೃಷ್ಣಮಾಚಾರ್ಯರು ಜಗನ್ಮೋಹನ ಅರಮನೆಯಲ್ಲಿ ಕಲಿಸಿದ ಊರು ಇದು. ಯೋಗದ ಮೇಲೆ ಇಲ್ಲಿಯವರಿಗೆ ಅಭಿಮಾನ ಸಹಜ, ಮಾಡಲೂ ಬೇಕು. ಆದರೆ ಮೂಳೆ ಟೊಳ್ಳಾಗಿದೆ ಎಂದು ಗೊತ್ತಾದವರು, ಎತ್ತರ ಕುಗ್ಗಿದವರು, ಹಗುರವಾಗಿ ಬಿದ್ದರೂ ಮೂಳೆ ಮುರಿದವರು ಬೆನ್ನು ಗುಂಡಗೆ ಮಾಡಿ ಮುಂದೆ ಬಾಗುವ ಆಸನಗಳನ್ನು ಬಿಡಬೇಕು. ಪಶ್ಚಿಮೋತ್ತಾನಾಸನ, ಹಲಾಸನ, ಸೂರ್ಯನಮಸ್ಕಾರದ ಪಾದಹಸ್ತಾಸನದಲ್ಲಿ ಬೆನ್ನುಮೂಳೆಯ ಮುಂಭಾಗಕ್ಕೆ ಒತ್ತಡ ಬಿದ್ದು ಅದು ಕುಸಿಯಬಹುದು. ತಾಡಾಸನ, ಗೋಡೆ ಹಿಡಿದು ವೃಕ್ಷಾಸನ, ಮಂಡಿ ಮಡಚಿ ಮಾಡುವ ಸೇತುಬಂಧಾಸನ ಹೆಚ್ಚಿನವರಿಗೆ ಹೊಂದುತ್ತವೆ.

ತಟ್ಟೆಯಲ್ಲಿ ಏನಿರಬೇಕು

ವ್ಯಾಯಾಮ ಮಾಡಿ ಪ್ರೋಟೀನ್ ತಿನ್ನದಿದ್ದರೆ ಸ್ನಾಯು ಕಟ್ಟುವುದಿಲ್ಲ. ವಯಸ್ಸಾದವರಿಗೆ ತೂಕದ ಪ್ರತಿ ಕೆ.ಜಿ.ಗೆ ದಿನಕ್ಕೆ 1 ಗ್ರಾಂನಿಂದ 1.2 ಗ್ರಾಂ ಬೇಕು, 60 ಕೆ.ಜಿ.ಯವರಿಗೆ ಕನಿಷ್ಠ 60 ಗ್ರಾಂ. ಕಿಡ್ನಿ ಕಾಯಿಲೆ ಇದ್ದವರಿಗೆ ಈ ಲೆಕ್ಕ ಬೇರೆ, ಡಾಕ್ಟರು ಹೇಳಿದಷ್ಟೇ.

ನಮ್ಮ ಕಡೆಯ ಊಟದಲ್ಲಿ ಇದು ಸಿಗುತ್ತದೆ, ಆದರೆ ಬಡಿಸುವ ರೀತಿಯಲ್ಲಿ ಕಳೆದುಹೋಗುತ್ತದೆ. ಬಸ್ಸಾರನ್ನೇ ನೋಡಿ. ಕಾಳು, ಸೊಪ್ಪು ಬೇಯಿಸಿ ಬಸಿದ ನೀರಿನಲ್ಲಿ ಸಾರು, ಕಾಳು ಸೊಪ್ಪು ಪಲ್ಯಕ್ಕೆ. ಹಲ್ಲು ಸರಿಯಿಲ್ಲದ ಹಿರಿಯರು ಮುದ್ದೆಯನ್ನು ಸಾರಿನಲ್ಲಿ ಅದ್ದಿ ನುಂಗಿ, ಪಲ್ಯವನ್ನು ಪಕ್ಕಕ್ಕೆ ಸರಿಸುತ್ತಾರೆ. ಪ್ರೋಟೀನಿನ ಬಹುಪಾಲು ಆ ಪಲ್ಯದಲ್ಲೇ ಉಳಿಯಿತು. ಹುರುಳಿ ಕಟ್ಟಿನ ಸಾರಿನದೂ ಇದೇ ಕಥೆ. ಹಾಗಾಗಿ ಕಾಳನ್ನು 8ರಿಂದ 10 ಗಂಟೆ ನೆನೆಸಿ, ಸಾಧ್ಯವಾದರೆ ಮೊಳಕೆ ಕಟ್ಟಿ, ಚೆನ್ನಾಗಿ ಬೇಯಿಸಿ, ಒಂದು ಪಾಲನ್ನು ರುಬ್ಬಿ ಸಾರಿಗೇ ಸೇರಿಸಿ. ಅವರೆ ಕಾಲದಲ್ಲಿ ಹಿತಕಿದ ಬೇಳೆ ಮೆತ್ತಗಿರುತ್ತದೆ. ಹಲ್ಲಿನ ಸೆಟ್ಟು ಸಡಿಲವಾಗಿದ್ದರೆ ಸರಿಮಾಡಿಸಿ; ಊಟ ಕಡಿಮೆಯಾಗಲು ಅದೊಂದೇ ಕಾರಣವಾಗಿರುವುದು ಬಹಳ.

ಒಂದು ದಿನದ ಅಂದಾಜು: ಬೆಳಿಗ್ಗೆ ಎರಡು ಇಡ್ಲಿ, ಎರಡು ಮೊಟ್ಟೆ, 16 ಗ್ರಾಂ. ಮಧ್ಯಾಹ್ನ 80 ಗ್ರಾಂ ಹಿಟ್ಟಿನ ಮುದ್ದೆ, 40 ಗ್ರಾಂ ಹುರುಳಿಕಾಳಿನ ಸಾರು, ಒಂದು ಬಟ್ಟಲು ಮೊಸರು, 19 ಗ್ರಾಂ. ಸಂಜೆ ಒಂದು ಹಿಡಿ ಹುರಿದ ಕಡಲೆಕಾಯಿ ಬೀಜ, ಒಂದು ಲೋಟ ಹಾಲು, 13 ಗ್ರಾಂ. ರಾತ್ರಿ ಅನ್ನ ಮತ್ತು 30 ಗ್ರಾಂ ಬೇಳೆಯ ಗಟ್ಟಿ ತೊವ್ವೆ, 11 ಗ್ರಾಂ. ಮೊಟ್ಟೆ ತಿನ್ನದವರು ಅದರ ಬದಲು 25 ಗ್ರಾಂ ಸೋಯಾ ಚಂಕ್ಸ್ ಹಾಕಿದ ಸಾಗು ಮಾಡಿಕೊಳ್ಳಬಹುದು. ಮಾಂಸ ತಿನ್ನುವವರಿಗೆ 100 ಗ್ರಾಂ ಮೀನು ಅಥವಾ ಕೋಳಿ ಇದ್ದ ದಿನ ಲೆಕ್ಕ ಸುಲಭ. ಒಂದೇ ಹೊತ್ತಿಗೆ ಸುರಿಯದೆ ಮೂರು ಹೊತ್ತಿಗೂ ಹಂಚಿ.

ರಾಗಿಯಲ್ಲಿ 100 ಗ್ರಾಂಗೆ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ, ಮೂಳೆಗೆ ಒಳ್ಳೆಯದು. ಆದರೆ ಸಕ್ಕರೆ ಕಾಯಿಲೆಗೆ ಮುದ್ದೆ ಎಷ್ಟು ಬೇಕಾದರೂ ತಿನ್ನಬಹುದೆಂಬುದು ಸರಿಯಲ್ಲ. ನುಣ್ಣಗೆ ಬೀಸಿದ ಹಿಟ್ಟಿನ ದೊಡ್ಡ ಮುದ್ದೆ ಸಕ್ಕರೆಯನ್ನು ಚೆನ್ನಾಗಿಯೇ ಏರಿಸುತ್ತದೆ. ಮುದ್ದೆ ಚಿಕ್ಕದಾಗಲಿ, ಕಾಳು ಸೊಪ್ಪು ಹೆಚ್ಚಾಗಲಿ. ಮಂಡ್ಯದ ಆಲೆಮನೆ ಬೆಲ್ಲದ ರುಚಿಗೆ ಸಾಟಿಯಿಲ್ಲ, ಆದರೂ ರಕ್ತದಲ್ಲಿ ಅದು ಸಕ್ಕರೆಯೇ. ಕಾಫಿ, ಟೀ ಊಟದೊಂದಿಗೆ ಕುಡಿದರೆ ಸೊಪ್ಪು ಕಾಳಿನ ಕಬ್ಬಿಣ ಸರಿಯಾಗಿ ಮೈಗೆ ಹತ್ತುವುದಿಲ್ಲ. ಒಂದು ಗಂಟೆ ಅಂತರ ಇರಲಿ.

ಉಪ್ಪಿಗೆ ದಿನಕ್ಕೆ ಒಬ್ಬರಿಗೆ 5 ಗ್ರಾಂ ಮಿತಿ, ಒಂದು ಟೀ ಚಮಚ. ಚಮಚದಲ್ಲಿ ಅಳೆಯುವುದು ಯಾರಿಗೂ ಆಗದ ಮಾತು, ಪ್ಯಾಕೆಟ್ಟಿನಲ್ಲಿ ಅಳೆಯಿರಿ: ಒಂದು ಕೆ.ಜಿ. ಉಪ್ಪು ಇಬ್ಬರಿರುವ ಮನೆಗೆ 100 ದಿನ, ನಾಲ್ವರಿಗೆ 50 ದಿನ ಬರಬೇಕು. ಒಡೆದ ದಿನಾಂಕ ಪ್ಯಾಕೆಟ್ಟಿನ ಮೇಲೆ ಬರೆಯಿರಿ. ಉಪ್ಪಿನಕಾಯಿ, ಹಪ್ಪಳ, ಸಂಡಿಗೆ ಅಂಗಡಿಯಿಂದ ಬರುವ ಮನೆಯಲ್ಲಿ ಇನ್ನೂ ಹೆಚ್ಚು ದಿನ ಬರಬೇಕು. ಎಣ್ಣೆ ಒಬ್ಬರಿಗೆ ತಿಂಗಳಿಗೆ ಅರ್ಧದಿಂದ ಮುಕ್ಕಾಲು ಲೀಟರ್.

ವಯಸ್ಸಾದಂತೆ ಬಾಯಾರಿಕೆ ಮಂಕಾಗುತ್ತದೆ; ರಾತ್ರಿ ಏಳಬೇಕಾಗುತ್ತದೆಂದು ನೀರು ಬಿಡುವವರೂ ಇದ್ದಾರೆ. ನೀರು, ಉಪ್ಪಿಲ್ಲದ ಮಜ್ಜಿಗೆಯ ಬಹುಪಾಲನ್ನು ಸಂಜೆ ಆರರೊಳಗೆ ಮುಗಿಸಿ, ಆಮೇಲೆ ಗುಟುಕು ಸಾಕು. ಹೃದಯ, ಕಿಡ್ನಿ ತೊಂದರೆಗೆ ನೀರಿನ ಮಿತಿ ಹೇಳಿಸಿಕೊಂಡವರು ಅದನ್ನೇ ಪಾಲಿಸಲಿ.

ಮನೆಯಲ್ಲಿ ಬೀಳದಂತೆ

ಬಚ್ಚಲಿನಿಂದ ಶುರು ಮಾಡಿ. ಕಮೋಡಿನ ಪಕ್ಕ, ಸ್ನಾನದ ಜಾಗದಲ್ಲಿ ನೆಲದಿಂದ 33ರಿಂದ 36 ಇಂಚು ಎತ್ತರಕ್ಕೆ ಸ್ಟೀಲ್ ಹಿಡಿಕೆ ಹಾಕಿಸಿ. ಟೈಲ್ಸ್‌ಗೆ ಮಾತ್ರ ತೂತು ಕೊರೆದು ಚಿಕ್ಕ ಸ್ಕ್ರೂ ಹಾಕಿದರೆ ಜೋಲಿ ಹೊಡೆದಾಗ ಕಿತ್ತು ಬರುತ್ತದೆ. ಇಟ್ಟಿಗೆ ಗೋಡೆಯೊಳಗೆ ಹೋಗುವಷ್ಟು ಉದ್ದದ ಆಂಕರ್ ಬೋಲ್ಟ್ ಬೇಕು. ಟವಲ್ ಕಂಬಿಯನ್ನು ಹಿಡಿಕೆ ಎಂದು ನಂಬಬೇಡಿ. ಎಣ್ಣೆಸ್ನಾನದ ದಿನ ಕುಳಿತೇ ಸ್ನಾನ ಮಾಡಿ, ನೆಲದ ಜಿಡ್ಡನ್ನು ಸೀಗೆಪುಡಿಯಲ್ಲಿ ತಿಕ್ಕಿ ತೊಳೆದ ಮೇಲೆ ಏಳಿ. ಮಂಚದಿಂದ ಬಚ್ಚಲವರೆಗೆ ರಾತ್ರಿ ಸಣ್ಣ ದೀಪ ಉರಿಯಲಿ. ಅಂಚು ಮಡಚುವ ಕಾಲೊರಸು, ದಾರಿಗೆ ಅಡ್ಡ ಬಿದ್ದ ವೈರು ತೆಗೆಯಿರಿ. ಪಂಚೆ, ನೈಟಿ, ಸೀರೆಯ ಅಂಚು ಕಣಕಾಲಿಗಿಂತ ಮೇಲಿರಲಿ.

ಹಾಸಿಗೆಯಿಂದ ಥಟ್ಟನೆ ಏಳಬೇಡಿ. ಕುಳಿತು ಒಂದು ನಿಮಿಷ ಪಾದ ಆಡಿಸಿ, ಆಮೇಲೆ ನಿಲ್ಲಿ. ನಿಂತಾಗ ತಲೆ ಸುತ್ತುವವರು ಕುಳಿತು ಒಮ್ಮೆ, ನಿಂತು ಒಂದು ಮತ್ತು ಮೂರು ನಿಮಿಷಕ್ಕೊಮ್ಮೆ ಬಿಪಿ ನೋಡಿ. ಮೇಲಿನ ಸಂಖ್ಯೆ 20ರಷ್ಟು ಇಳಿದರೆ ಮಾತ್ರೆಯ ಪ್ರಮಾಣ ಅಥವಾ ಹೊತ್ತು ಬದಲಿಸಬೇಕಾಗಬಹುದು. ನೀವೇ ನಿಲ್ಲಿಸಬೇಡಿ, ಚೀಟಿಯಲ್ಲಿ ಬರೆದು ಡಾಕ್ಟರಿಗೆ ತೋರಿಸಿ.

ಮಾತ್ರೆ ಮತ್ತು ತಪಾಸಣೆ

ಮಂಡಿನೋವಿಗೆ ಮೆಡಿಕಲ್ ಸ್ಟೋರಿನಿಂದ ನೀವೇ ನೋವಿನ ಮಾತ್ರೆ ತಂದು ನುಂಗುವುದು ಕಿಡ್ನಿಗೆ ಕೆಡುಕು. ಬಿಪಿ ಮಾತ್ರೆ, ಮೂತ್ರ ಹೆಚ್ಚಿಸುವ ಮಾತ್ರೆಯ ಜೊತೆಗಾದರೆ ಇನ್ನೂ ಕೆಡುಕು. ಮೆಟ್‌ಫಾರ್ಮಿನ್ ಇಲ್ಲವೇ ಗ್ಯಾಸ್ ಮಾತ್ರೆ ವರ್ಷಗಟ್ಟಲೆ ನುಂಗುವವರಲ್ಲಿ ಬಿ12 ಕಡಿಮೆಯಾಗಿ ಪಾದ ಜೋಮು ಹಿಡಿಯಬಹುದು, ಒಮ್ಮೆ ಪರೀಕ್ಷಿಸಿಕೊಳ್ಳಿ. ಕಣ್ಣು ವರ್ಷಕ್ಕೊಮ್ಮೆ ತೋರಿಸಿ, ಪೊರೆ ಬಂದಿದ್ದರೆ ಮುಂದೂಡಬೇಡಿ. ಟಿವಿ ಜೋರು ಮಾಡುತ್ತಿದ್ದರೆ ಮಾನಸಗಂಗೋತ್ರಿಯ ವಾಕ್ ಶ್ರವಣ ಸಂಸ್ಥೆಯಲ್ಲಿ ಕಿವಿ ಪರೀಕ್ಷೆ ಮಾಡಿಸಿ. ಕಿವಿ ಕೇಳದವರು ಮೆಲ್ಲಗೆ ಜನರಿಂದ ದೂರವಾಗುತ್ತಾರೆ, ಮರೆವಿನ ಕಾಯಿಲೆಯ ಅಪಾಯವೂ ಏರುತ್ತದೆ. ಮುಖ ಸೊಟ್ಟಗಾದರೆ, ಒಂದು ಕೈ ಬಿದ್ದರೆ, ಮಾತು ತೊದಲಿದರೆ ಬಾಯಿಗೆ ಏನೂ ಹಾಕದೆ ತಕ್ಷಣ 108. ರಕ್ತದ ಗೆಡ್ಡೆ ಕರಗಿಸುವ ಇಂಜೆಕ್ಷನ್ನಿಗೆ ಇರುವ ಸಮಯ ನಾಲ್ಕೂವರೆ ಗಂಟೆ.

ಜ್ವರ ಬಂದು ಮಲಗಿ ಎದ್ದ ಮೇಲೆ

ಹೆಚ್ಚಿನವರ ಅಭ್ಯಾಸ ತಪ್ಪುವುದು ಇಲ್ಲಿ. ಹತ್ತು ದಿನ ಹಾಸಿಗೆ ಹಿಡಿದರೆ ಹಿರಿಯರ ಕಾಲಿನ ಸ್ನಾಯು ಗಮನಕ್ಕೆ ಬರುವಷ್ಟು ಇಳಿಯುತ್ತದೆ. ಜ್ವರದ ದಿನಗಳಲ್ಲೂ ಹಾಸಿಗೆಯಲ್ಲೇ ಪಾದ ಮೇಲೆ ಕೆಳಗೆ ಆಡಿಸಿ, ಊಟಕ್ಕಾದರೂ ಎದ್ದು ಕುಳಿತುಕೊಳ್ಳಿ, ಬರೀ ಗಂಜಿಯಲ್ಲಿ ದಿನ ಕಳೆಯದೆ ಅದಕ್ಕೆ ಹೆಸರುಬೇಳೆ ಸೇರಿಸಿ. ಜ್ವರ ಬಿಟ್ಟು ಎರಡು ದಿನವಾದ ಮೇಲೆ ಮೊದಲು ಮಾಡುತ್ತಿದ್ದುದರ ಅರ್ಧದಿಂದ ಶುರು ಮಾಡಿ: ಭಾರ ಹಿಡಿಯದೆ 5 ಸಲದಂತೆ ಎದ್ದು ಕೂರುವುದು, ದಿನಕ್ಕೆ ಮೂರು ಹೊತ್ತು; ನಡಿಗೆ ಹತ್ತು ನಿಮಿಷ. ಎರಡು ದಿನಕ್ಕೊಮ್ಮೆ ಸ್ವಲ್ಪ ಸ್ವಲ್ಪ ಏರಿಸಿ. ಮೂರು ವಾರವಾದ ಮೇಲೆ ಮತ್ತೆ 30 ಸೆಕೆಂಡಿನ ಲೆಕ್ಕ ತೆಗೆದುಕೊಳ್ಳಿ. ಕ್ಯಾಲೆಂಡರಿನಲ್ಲಿ ಬರೆದ ಹಳೆಯ ಸಂಖ್ಯೆಯ ಹತ್ತಿರಕ್ಕೂ ಬರದಿದ್ದರೆ ಕಾಯಬೇಡಿ, ಮೈಸೂರಿನ ಕೆ.ಆರ್. ಆಸ್ಪತ್ರೆಗೋ ಮಂಡ್ಯದ ಮಿಮ್ಸ್‌ಗೋ ಹೋಗಿ, ಎರಡೂ ಸಂಖ್ಯೆಗಳನ್ನು ಹೇಳಿ ಫಿಸಿಯೊಥೆರಪಿ ಕೇಳಿ.